ಹೊಟ್ಟೆ ಕೆಡಿಸುವುದು ಇಡ್ಲಿಯಲ್ಲ, ಚಟ್ನಿ

ಡೊಂಬಿವಲಿಯ ನಮ್ಮ ಸೊಸೈಟಿಯ ಮೂರು ಕನ್ನಡ ಕುಟುಂಬಗಳು ಇನ್ನು ಮೂರು ವಾರಗಳಲ್ಲಿ ಬಾಲಿಗೆ ಹೊರಡಲಿವೆ. ಟಿಕೆಟು, ವೀಸಾ, ಹೋಟೆಲುಗಳ ಬಗ್ಗೆ ಕೂಲಂಕಷವಾಗಿ ವಿಚಾರಿಸಿಕೊಂಡಿರುವ ಇವರು, ಊಟ ಮತ್ತು ನೀರಿನ ಮಾತೆತ್ತಿದರೆ ಮಾತ್ರ ನಕ್ಕುಬಿಡುತ್ತಾರೆ. ಮುಂಬೈಯ ಪಾನಿಪೂರಿ ಅರಗಿಸಿಕೊಂಡ ಹೊಟ್ಟೆಗೆ ಅಲ್ಲಿ ಏನಾದೀತು ಎನ್ನುವುದು ಒಬ್ಬರ ವಾದ. ನಾವು ಸಸ್ಯಾಹಾರಿಗಳು, ನಮಗೆ ಅಂಥ ಭಯವಿಲ್ಲ ಎನ್ನುವುದು ಇನ್ನೊಬ್ಬರ ಧೈರ್ಯ. ಎರಡು ವರ್ಷಗಳ ಹಿಂದೆ ಇದೇ ಎರಡು ನಂಬಿಕೆಗಳನ್ನು ಹೊತ್ತುಕೊಂಡು ಬಾಲಿಗೆ ಹೋಗಿ, ಏಳು ದಿನಗಳ ಪ್ರವಾಸದಲ್ಲಿ ಮೂರು ದಿನ ಶೌಚಾಲಯದ ಬಾಗಿಲು ಕಾಯ್ದವನು ನಾನಾದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ನಾನು ಕಾಯಿಲೆ ಬಿದ್ದದ್ದು ಬೀದಿಬದಿಯ ಗಾಡಿಯಿಂದಲ್ಲ ಎಂಬುದೇ ನನ್ನ ಅಂದಾಜು. ಮೊದಲ ರಾತ್ರಿ ಗಾಡಿಯವನು ಕಣ್ಣೆದುರೇ ಹೊಗೆಯಾಡುವ ಬಾಣಲೆಯಲ್ಲಿ ಹುರಿದುಕೊಟ್ಟ ನೂಡಲ್ಸ್ ತಿಂದು ಸುಖವಾಗಿ ಮಲಗಿದ್ದೆ. ಮರುದಿನ ಬೆಳಿಗ್ಗೆ ಬಿಳಿ ಮೇಜುಬಟ್ಟೆ ಹಾಸಿದ ಬಫೆಯಲ್ಲಿ, ಯಾವಾಗಲೋ ಹೆಚ್ಚಿಟ್ಟಿದ್ದ ಕಲ್ಲಂಗಡಿಯನ್ನೂ ಉಗುರು ಬೆಚ್ಚಗಿದ್ದ ಅನ್ನವನ್ನೂ ತಿಂದೆ. ಸಂಜೆಯ ಹೊತ್ತಿಗೆ ಹೊಟ್ಟೆ ನುಲಿಯತೊಡಗಿತು.

ಘಾಟ್‌ಕೋಪರ್‌ನಲ್ಲಿ ಹೋಟೆಲು ನಡೆಸುತ್ತಿದ್ದ ನನ್ನ ದೊಡ್ಡಪ್ಪ ಇದ್ದಿದ್ದರೆ ಆ ತಟ್ಟೆಯನ್ನು ನೋಡಿಯೇ ಬೈಯುತ್ತಿದ್ದರು. “ಇಡ್ಲಿ ತಿಂದು ಯಾರ ಹೊಟ್ಟೆಯೂ ಕೆಡುವುದಿಲ್ಲ ಮಾರಾಯ, ಕೆಡಿಸುವುದೆಲ್ಲ ಚಟ್ನಿ” ಎನ್ನುವುದು ಅವರ ಮಾತಾಗಿತ್ತು. ಹಬೆಯಿಂದ ನೇರವಾಗಿ ತಟ್ಟೆಗೆ ಬರುವ ಇಡ್ಲಿಯ ಬಗ್ಗೆ ಅವರಿಗೆ ಚಿಂತೆಯಿರಲಿಲ್ಲ. ಬೆಳಿಗ್ಗೆ ರುಬ್ಬಿದ ತೆಂಗಿನಕಾಯಿ ಚಟ್ನಿಯನ್ನು ಮಾತ್ರ, ಪಾತ್ರೆ ಅರ್ಧ ಉಳಿದಿದ್ದರೂ ಮಧ್ಯಾಹ್ನಕ್ಕೆ ಚೆಲ್ಲಿಸುತ್ತಿದ್ದರು. ಆಹಾರ ಸುರಕ್ಷತೆಯ ಪಾಠದ ಬಹುಭಾಗ ಇಷ್ಟರಲ್ಲೇ ಇದೆ ಎಂದು ನನಗೆ ಈಗ ಅನ್ನಿಸುತ್ತದೆ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಶಾಖದಲ್ಲಿ ಬ್ಯಾಕ್ಟೀರಿಯಾಗಳು ವೇಗವಾಗಿ ಬೆಳೆಯುತ್ತವೆ. ಆದ್ದರಿಂದ ಯಾವ ದೇಶ, ಎಷ್ಟು ನಕ್ಷತ್ರದ ಹೋಟೆಲು ಎಂದು ಕೇಳುವುದಕ್ಕಿಂತ, ಈ ಪದಾರ್ಥ ಒಲೆಯಿಂದ ಇಳಿದು ಎಷ್ಟು ಹೊತ್ತಾಯಿತು, ಬೆಂದ ಮೇಲೆ ಇದಕ್ಕೆ ಹಸಿಯದೇನಾದರೂ ಸೇರಿತೇ ಎಂದು ಕೇಳಿಕೊಳ್ಳುವುದು ಹೆಚ್ಚು ಉಪಯುಕ್ತ.

ಪಾನಿಪೂರಿಯ ವಾದದಲ್ಲಿ ಸ್ವಲ್ಪ ಸತ್ಯವಿದೆ. ಇಲ್ಲಿನ ರೋಗಾಣುಗಳಿಗೆ ನಮ್ಮ ದೇಹ ತಕ್ಕಮಟ್ಟಿಗೆ ಒಗ್ಗಿಕೊಂಡಿರುತ್ತದೆ. ಆದರೆ ಪ್ರವಾಸಿಗರ ಭೇದಿಗೆ ಮುಖ್ಯ ಕಾರಣವಾದ ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ನಾನಾ ತಳಿಗಳಿದ್ದು, ಒಂದಕ್ಕೆ ಒಗ್ಗಿದ ದೇಹ ಇನ್ನೊಂದನ್ನು ತಡೆದೀತು ಎಂಬ ಭರವಸೆಯಿಲ್ಲ. ಅಷ್ಟಕ್ಕೂ ಪ್ರತಿ ಮಳೆಗಾಲದಲ್ಲಿ ಕಾಮಾಲೆ, ಟೈಫಾಯ್ಡ್‌ಗಳಿಂದ ಆಸ್ಪತ್ರೆ ಸೇರುವ ಮುಂಬೈಕರರೂ ಪಾನಿಪೂರಿ ತಿಂದು ಬೆಳೆದವರೇ ಅಲ್ಲವೇ?

ಸಸ್ಯಾಹಾರದ ಧೈರ್ಯ ಇನ್ನೂ ದುರ್ಬಲವಾದದ್ದು. ವಿದೇಶದಲ್ಲಿ ಬೇರೇನೂ ಸಿಗದಾಗ ಸಸ್ಯಾಹಾರಿಗಳು ಮೊರೆಹೋಗುವುದು ಸಲಾಡ್, ಹೆಚ್ಚಿದ ಹಣ್ಣು, ತಾಜಾ ರಸಗಳಿಗೆ, ಅಂದರೆ ಬೆಂಕಿಯನ್ನೇ ಕಾಣದ ಪದಾರ್ಥಗಳಿಗೆ. 2011ರಲ್ಲಿ ಜರ್ಮನಿಯಲ್ಲಿ ಇ. ಕೋಲಿಯ ಒಂದು ಉಗ್ರ ತಳಿ ಹರಡಿ ಸುಮಾರು 4,000 ಜನ ಅಸ್ವಸ್ಥರಾದರು, 50ಕ್ಕೂ ಹೆಚ್ಚು ಮಂದಿ ಸತ್ತರು. ತನಿಖೆ ಕೊನೆಗೆ ಬೊಟ್ಟು ಮಾಡಿದ್ದು ಮೊಳಕೆ ಬರಿಸಿದ ಮೆಂತ್ಯದ ಕಡೆಗೆ. ನಾವು ಆರೋಗ್ಯಕ್ಕೆ ಒಳ್ಳೆಯದೆಂದು ಕಣ್ಣುಮುಚ್ಚಿ ತಿನ್ನುವ ವಸ್ತು, ಅದೂ ಜರ್ಮನಿಯಂಥ ಅಚ್ಚುಕಟ್ಟಿನ ದೇಶದಲ್ಲಿ!

ಮನೆಯಿಂದ ಕಟ್ಟಿಕೊಂಡು ಹೋಗುವ ಬುತ್ತಿಯೂ ಇದಕ್ಕೆ ಹೊರತಲ್ಲ. ಚಕ್ಕುಲಿ, ಅವಲಕ್ಕಿ, ಖಾಕ್ರಾಗಳಂಥ ಒಣ ತಿಂಡಿಗೆ ತೊಂದರೆಯಿಲ್ಲ. ಚಿತ್ರಾನ್ನದ ವಿಷಯ ಬೇರೆ. ಅಕ್ಕಿಯಲ್ಲಿರಬಹುದಾದ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಅನ್ನ ಬೆಂದರೂ ಸಾಯದೆ ಉಳಿದು, ಅನ್ನ ಬೆಚ್ಚಗೆ ಕುಳಿತಷ್ಟು ಹೊತ್ತೂ ಬೆಳೆದು ವಿಷ ತಯಾರಿಸುತ್ತವೆ. ವಾಂತಿ ತರಿಸುವ ಆ ವಿಷವು ಮತ್ತೆ ಬಿಸಿ ಮಾಡಿದರೂ ನಾಶವಾಗುವುದಿಲ್ಲ. ಬೆಳಗಿನ ಜಾವ ಕಲಸಿದ್ದನ್ನು ವಿಮಾನ ಇಳಿದ ಮೇಲೆ ಸಂಜೆ ಬಿಚ್ಚುವವರು ಇದನ್ನು ಯೋಚಿಸಬೇಕು.

ನೀರಿನ ವಿಷಯದಲ್ಲಿ ಸಿಂಗಪುರ, ಜಪಾನ್‌ಗಳ ನಲ್ಲಿ ನೀರನ್ನು ಹಾಗೆಯೇ ಕುಡಿಯಬಹುದು, ಬಾಲಿಯಲ್ಲಿ ಕೂಡದು. ಸೀಲ್ ಮುರಿಯದ ಬಾಟಲಿ ಕೊಳ್ಳುವುದನ್ನು ಎಲ್ಲರೂ ಬಲ್ಲರು. ಹಲ್ಲುಜ್ಜುವಾಗ ಮಾತ್ರ ಮರೆಯುತ್ತಾರೆ. ಎಳನೀರಿಗೆ ಹಾಕಿಸಿಕೊಳ್ಳುವ ಮಂಜುಗಡ್ಡೆಯೂ ನೀರೇ, ಹೆಪ್ಪುಗಟ್ಟಿದ ಮಾತ್ರಕ್ಕೆ ರೋಗಾಣುಗಳು ಸಾಯುವುದಿಲ್ಲ.

ಮದ್ಯದ ಬಗ್ಗೆ ನಮ್ಮವರು ಬಹಿರಂಗವಾಗಿ ಮಾತಾಡುವುದಿಲ್ಲ, ಆದರೆ ಪ್ರವಾಸದಲ್ಲಿ ಕುಡಿಯುವವರು ಕುಡಿಯುತ್ತಾರೆ. 2024ರ ನವೆಂಬರ್‌ನಲ್ಲಿ ಲಾವೋಸ್‌ನ ವಾಂಗ್ ವಿಯೆಂಗ್‌ನಲ್ಲಿ ಮೆಥನಾಲ್ ಎಂಬ ವಿಷಕಾರಿ ಆಲ್ಕೋಹಾಲ್ ಬೆರೆತ ಮದ್ಯ ಕುಡಿದು ಆರು ಮಂದಿ ವಿದೇಶಿ ಪ್ರವಾಸಿಗರು ಸತ್ತರು. 2015ರಲ್ಲಿ ನಮ್ಮ ಮುಂಬೈಯ ಮಲಾಡ್‌ನ ಮಾಲ್ವಣಿಯಲ್ಲಿ ನೂರಕ್ಕೂ ಹೆಚ್ಚು ಜನರನ್ನು ಕೊಂದದ್ದೂ ಇದೇ ವಿಷ. ಬಣ್ಣದಲ್ಲಾಗಲಿ ರುಚಿಯಲ್ಲಾಗಲಿ ಇದನ್ನು ಪತ್ತೆಹಚ್ಚಲಾಗದು. ಆದ್ದರಿಂದ ಪುಕ್ಕಟೆ ಸಿಗುವ ಪೆಗ್ಗನ್ನೂ ಹೆಸರಿಲ್ಲದ ಬಾಟಲಿಯನ್ನೂ ಬಿಡುವುದೇ ಕ್ಷೇಮ. ಕುಡಿದ ಮರುದಿನ ಕಣ್ಣು ಮಂಜಾದರೆ ಅದು ಅಮಲಿನ ಉಳಿಕೆಯೆಂದು ಮಲಗಬಾರದು, ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಇಷ್ಟೆಲ್ಲ ಎಚ್ಚರಿಕೆಯ ನಂತರವೂ ಹೊಟ್ಟೆ ಕೆಡಬಹುದು. ಆಗ ನನ್ನನ್ನು ಉಳಿಸಿದ್ದು ಹೆಂಡತಿ ಚೀಲದ ಮೂಲೆಯಲ್ಲಿಟ್ಟಿದ್ದ ನಾಲ್ಕು ಓಆರ್‌ಎಸ್ ಪೊಟ್ಟಣಗಳು, ಅಂದರೆ ನೀರಿಗೆ ಬೆರೆಸಿ ಕುಡಿಯುವ ಉಪ್ಪು-ಗ್ಲೂಕೋಸ್ ಪುಡಿ. 1971ರಲ್ಲಿ ಬಂಗಾಳದ ಬೊಂಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹರಡಿ ಸಲೈನ್ ಮುಗಿಯುತ್ತ ಬಂದಾಗ, ಡಾ. ದಿಲೀಪ್ ಮಹಲನಬಿಸ್ ಉಪ್ಪು-ಗ್ಲೂಕೋಸ್ ಬೆರೆತ ನೀರು ಕುಡಿಸಿಯೇ ಸಾವಿರಾರು ಜನರನ್ನು ಬದುಕಿಸಿದ್ದರು. ಪೊಟ್ಟಣವಿಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಮಚೆ ಸಕ್ಕರೆ, ಅರ್ಧ ಚಮಚೆ ಉಪ್ಪು ಸಾಕು. ಚಮಚೆ ಟೀ ಚಮಚೆಯಾಗಿರಲಿ, ಅಳತೆ ಮಟ್ಟಸವಾಗಿರಲಿ. ಭೇದಿ ನಿಲ್ಲಿಸುವ ಮಾತ್ರೆಯನ್ನು ಜ್ವರವಿದ್ದಾಗ ಅಥವಾ ಮಲದಲ್ಲಿ ರಕ್ತ ಕಂಡಾಗ ನುಂಗಬಾರದು, ಅದು ವೈದ್ಯರನ್ನು ಕಾಣಬೇಕಾದ ಸ್ಥಿತಿ.

ನಮ್ಮ ಸೊಸೈಟಿಯವರಿಗೆ ಇನ್ನೊಂದು ಮಾತು. ಟೈಫಾಯ್ಡ್ ಮತ್ತು ಹೆಪಟೈಟಿಸ್ ‘ಎ’ ಲಸಿಕೆಗಳ ಬಗ್ಗೆ ನಿಮ್ಮ ವೈದ್ಯರನ್ನು ಈ ವಾರವೇ ಕೇಳಿ. ಟೈಫಾಯ್ಡ್ ಚುಚ್ಚುಮದ್ದನ್ನು ಪ್ರಯಾಣಕ್ಕೆ ಎರಡು ವಾರ ಮೊದಲಾದರೂ ಹಾಕಿಸಿಕೊಳ್ಳಬೇಕು, ನಿಮಗೆ ಉಳಿದಿರುವುದು ಮೂರೇ ವಾರ.