ಬಿಟಿ ಹತ್ತಿಯ ಪವರ್ ಹೋಗಿಲ್ಲ

ಮುಂಗಾರು ಶುರುವಾದರೆ ರಾಯಚೂರಿನ ಬೀಜದಂಗಡಿಗಳ ಮುಂದೆ ಒಂದು ಮಾತು ಖಾಯಂ. "ಮೊದಲಿನ ಬಿಟಿ ಈಗ ಎಲ್ಲೈತ್ರಿ? ಪವರ್ ಹೋಗೈತಿ." ಮಾನ್ವಿ, ದೇವದುರ್ಗ, ಎಲ್ಲಿ ಹೋದರೂ ಇದೇ. ಅಂಗಡಿಯವರೂ ಹೂಂ ಅನ್ನುತ್ತಾರೆ. ಅವರಿಗೇನು, ಇನ್ನೊಂದು ಹುಳದ ಔಷಧಿ ಮಾರಾಟವಾಗುತ್ತದೆ.

ಹುಳದ ಕಾಟ ಸುಳ್ಳಲ್ಲ. ಆದರೆ ಜೀನ್ ಸವೆದಿದೆ ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಬಿಟಿ ಅಂದರೆ, ಕಾಯಿಕೊರಕ ಹುಳಗಳಿಗೆ ವಿಷ ಮಾಡುವ, ಮಣ್ಣಿನ ಒಂದು ಬ್ಯಾಕ್ಟೀರಿಯಾದ ಜೀನನ್ನು ಹತ್ತಿಯ ಕ್ರೋಮೋಸೋಮಿಗೆ ಸೇರಿಸಿದ್ದಾರೆ, ಅಷ್ಟೇ. ಸೇರಿದ ಮೇಲೆ ಅದು ಗಿಡದ ಉಳಿದ ಜೀನುಗಳ ಹಾಗೆಯೇ ಪೀಳಿಗೆಯಿಂದ ಪೀಳಿಗೆಗೆ ಹೋಗುತ್ತದೆ. ಸೇರಿಸುವಾಗ ಎಡವಟ್ಟಾಗುವುದುಂಟು. ಒಂದರ ಬದಲು ನಾಲ್ಕಾರು ಪ್ರತಿ ಸೇರಿಬಿಟ್ಟರೆ ಗಿಡವೇ ಆ ಜೀನಿನ ಬಾಯಿ ಮುಚ್ಚಿಸಬಹುದು. ಅಂಥವನ್ನು ಲ್ಯಾಬಿನಲ್ಲೇ ಬಿಸಾಕಿ, ಕೆಲವು ಪೀಳಿಗೆ ಬೆಳೆಸಿದರೂ ಸರಿಯಾಗಿ ನಿಂತದ್ದನ್ನು ಮಾತ್ರ ಇಟ್ಟುಕೊಳ್ಳುತ್ತಾರೆ. 2002ರಲ್ಲಿ ನಮ್ಮಲ್ಲಿ ಒಪ್ಪಿಗೆ ಸಿಕ್ಕ ಬಿಟಿ ಹತ್ತಿಯ ಜೀನನ್ನು ಮೊದಲು ಸೇರಿಸಿದ್ದು ಅಮೆರಿಕದ ಕೋಕರ್ 312 ಅನ್ನುವ ತಳಿಗೆ. ಅಲ್ಲಿಂದ ಕ್ರಾಸಿಂಗ್ ಮಾಡಿ ಮಾಡಿ ನಮ್ಮ ತಳಿಗಳಿಗೆ ತಂದರು.

ಜೀನ್ ಸವೆದಿದ್ದರೆ ಹಸಿರು ಕಾಯಿಕೊರಕವೂ ವಾಪಸ್ ಬರಬೇಕಿತ್ತು, ಅಲ್ವಾ? ತೊಂಬತ್ತರ ದಶಕದಲ್ಲಿ ಈ ಎರೆ ಹೊಲಗಳ ರೈತರನ್ನು ಸಾಲಕ್ಕೆ ತಳ್ಳಿದ ಹುಳ ಅದು. ಬಿಟಿ ಗಿಡದಲ್ಲಿ ಅದು ಇವತ್ತಿಗೂ ದೊಡ್ಡ ತಲೆನೋವಾಗಿಲ್ಲ. ಅದೇ ಗಿಡದಲ್ಲಿ ಗುಲಾಬಿ ಹುಳ, ಅಂದರೆ ಗುಲಾಬಿ ಬಣ್ಣದ ಕಾಯಿಕೊರಕ, ಮಾತ್ರ ಆರಾಮಾಗಿ ಬದುಕುತ್ತದೆ. ಬದಲಾದದ್ದು ಯಾವುದು ಅಂತ ನೀವೇ ಹೇಳಿ.

ಗುಲಾಬಿ ಹುಳ ಬಿದ್ದ ಕಾಯಿ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ. ಮರಿ ಒಳಗೆ ಹೋದ ತೂತು ಮುಚ್ಚಿಕೊಂಡಿರುತ್ತದೆ. ಒಡೆದು ನೋಡಿದರೆ ಅರಳೆ ಕಂದು ಬಣ್ಣಕ್ಕೆ ತಿರುಗಿದೆ, ಎರಡು ಬೀಜ ಒಂದಕ್ಕೊಂದು ಅಂಟಿವೆ, ಅವುಗಳೊಳಗೆ ಹುಳ. ಅದಕ್ಕೆ ಬೇಕಾದದ್ದು ಬೀಜ. ಎಡವಟ್ಟು ಇರುವುದೂ ಈ ಬೀಜದಲ್ಲೇ.

ನಾನು ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳುವವನು. ಎರಡು ಜೀನು ಮುಂದಿನ ಪೀಳಿಗೆಗೆ ಹಂಚಿಹೋಗುವ ಮೆಂಡೆಲ್‌ನ ಲೆಕ್ಕ ಅಂತ ವರ್ಷವರ್ಷ ಬೋರ್ಡಿನ ಮೇಲೆ 9:3:3:1 ಬರೆದು ಬಟಾಣಿ ಬಟಾಣಿ ಅನ್ನುತ್ತೇವೆ. ಹತ್ತಿ ಬೆಳೆಯುವವರ ಮಕ್ಕಳ ಮುಂದೆ ಬಟಾಣಿ ಯಾಕೋ! 2006ರಲ್ಲಿ ಬಂದ ಎರಡನೇ ಬಿಟಿಯಲ್ಲಿ ಎರಡು ವಿಷದ ಜೀನುಗಳಿವೆ, ಬೇರೆ ಬೇರೆ ಜಾಗದಲ್ಲಿ ಕೂತಿವೆ. ನಮ್ಮಲ್ಲಿ ಬಿತ್ತುವುದು ಹೈಬ್ರಿಡ್. ಹೆಚ್ಚಿನವುಗಳಲ್ಲಿ ಅಪ್ಪ-ಅಮ್ಮರಲ್ಲಿ ಒಬ್ಬರಿಗೆ ಮಾತ್ರ ಬಿಟಿ. ಗಿಡವೇನೋ ಎರಡೂ ವಿಷ ಮಾಡುತ್ತದೆ. ಆದರೆ ಅದರ ಕಾಯಿಯೊಳಗಿನ ಬೀಜ ಮುಂದಿನ ಪೀಳಿಗೆ. ಸರಾಸರಿ 16 ಬೀಜದಲ್ಲಿ 9ರಲ್ಲಿ ಎರಡೂ ವಿಷ, 3ರಲ್ಲಿ ಒಂದು, ಇನ್ನು 3ರಲ್ಲಿ ಇನ್ನೊಂದು, 1ರಲ್ಲಿ ಏನೂ ಇಲ್ಲ. ಜೀನ್ ಕಳೆದುಹೋಗಿಲ್ಲ, ಹಂಚಿಹೋಗಿದೆ. ಒಂದೇ ಕಾಯಿಯಲ್ಲಿ ಹುಳಕ್ಕೆ ಪೂರ್ತಿ ವಿಷ, ಅರೆ ವಿಷ, ಬರೀ ಊಟ, ಮೂರೂ ಸಿಗುತ್ತವೆ. ಅರೆ ವಿಷ ತಿಂದೂ ಸಾಯದ ಹುಳಗಳು ಮರಿ ಮಾಡುತ್ತಾ ಹೋದರೆ ಏನಾಗಬೇಕೋ ಅದೇ ಆಯಿತು. ಅದರ ಜೊತೆಗೆ ನೀರಿದೆ ಅಂತ ಫೆಬ್ರವರಿ, ಮಾರ್ಚ್‌ವರೆಗೂ ಬೆಳೆ ಕೀಳದೆ ಬಿಡುವುದು, ಹತ್ತಿ ಕಟ್ಟಿಗೆ ಬದುವಿನ ಮೇಲೆ ಒಟ್ಟುವುದು, ಹುಳಕ್ಕೆ ಊಟ, ಮನೆ ಎರಡೂ ಸಿಕ್ಕಂತೆ. ಗಿಡಕ್ಕೆ ವಯಸ್ಸಾದಂತೆ ವಿಷದ ಪ್ರಮಾಣವೂ ಇಳಿಯುತ್ತದೆ, ಜೀನ್ ಇದ್ದಲ್ಲೇ ಇದ್ದರೂ.

ಚೀನಾದ ಯಾಂಗ್ಟ್ಸೆ ಕಣಿವೆಯಲ್ಲಿ ಇದೇ ಹಂಚಿಕೆ ಉಲ್ಟಾ ಕೆಲಸ ಮಾಡಿದೆ. ಅಲ್ಲಿಯ ರೈತರು ಹೈಬ್ರಿಡ್‌ನ ಎರಡನೇ ಪೀಳಿಗೆಯ ಬೀಜವನ್ನೇ ಬಿತ್ತಿದರು. ಅಲ್ಲಿಯ ಬಿಟಿಯಲ್ಲಿ ಒಂದೇ ವಿಷದ ಜೀನು, ಹಾಗಾಗಿ ನಾಲ್ಕರಲ್ಲಿ ಒಂದು ಗಿಡಕ್ಕೆ ಬಿಟಿಯೇ ಇಲ್ಲ. ಆ ಗಿಡಗಳಲ್ಲಿ ಬದುಕಿದ ಸಾಧಾರಣ ಹುಳಗಳು ಗಟ್ಟಿ ಹುಳಗಳ ಜೊತೆ ಕೂಡಿ, ವಿಷ ತಡೆಯುವ ಗುಣವೇ ಇಳಿಯಿತು. ನಮ್ಮಲ್ಲಿ ಆ ಕೆಲಸಕ್ಕೆಂದೇ 450 ಗ್ರಾಂ ಪ್ಯಾಕೆಟ್ ಜೊತೆ 120 ಗ್ರಾಂ ಬಿಟಿ ಇಲ್ಲದ ಬೀಜ ಕೊಡುತ್ತಿದ್ದರು. ಬಿತ್ತಿದವರು ಎಷ್ಟು ಮಂದಿ?

ನಕಲಿ ಬೀಜದ ಅನುಮಾನ ಇದ್ದರೆ ಅದು ಬೇರೆ ವಿಷಯ. ಎಲೆ ಅರೆದು ಪಟ್ಟಿ ಅದ್ದಿ ನೋಡುವ ಪರೀಕ್ಷೆ ಇದೆ, ಮೆಡಿಕಲ್ ಶಾಪಿನ ಗರ್ಭ ಪರೀಕ್ಷೆಯ ತರಹ. ಕೆಲವೇ ನಿಮಿಷದಲ್ಲಿ ಗೆರೆ ಮೂಡುತ್ತದೆ. ಸುಮ್ನೆ ಜೀನಿನ ಮೇಲೆ ತಪ್ಪು ಹೊರಿಸುವ ಮೊದಲು ಅದನ್ನು ಮಾಡಿಸಿ.

ನನ್ನ ಬೇಡಿಕೆ ಒಂದೇ. ಬಿಟಿ ಅಪ್ಪ-ಅಮ್ಮ ಇಬ್ಬರಲ್ಲೂ ಇದೆಯೋ, ಒಬ್ಬರಲ್ಲೋ ಅಂತ ಬೀಜದ ಪ್ಯಾಕೆಟ್ ಮೇಲೆ ಕನ್ನಡದಲ್ಲಿ ಬರೆಯಲಿ. ಇಬ್ಬರಲ್ಲೂ ಇದ್ದರೆ ಕಾಯಿಯ ಎಲ್ಲಾ ಬೀಜಕ್ಕೂ ಎರಡೂ ವಿಷ ಬರುತ್ತದೆ. ಹತ್ತಿ ಬೀಜೋತ್ಪಾದನೆಯಲ್ಲಿ ಕ್ರಾಸಿಂಗ್ ಮಾಡಿಸುವವರು ಇಲ್ಲಿ ಯಾರಾದರೂ ಇದ್ದರೆ, ನಿಮಗೆ ಕೊಡುವ ಗಂಡು-ಹೆಣ್ಣು ತಳಿಗಳಲ್ಲಿ ಯಾವುದು ಬಿಟಿ ಅಂತ ನಿಮಗಾದರೂ ಹೇಳುತ್ತಾರಾ? ಕಾಮೆಂಟಿನಲ್ಲಿ ತಿಳಿಸಿ.