ಪೀಣ್ಯಕ್ಕೂ ಒಂದು ಕಾಲ ಬರುತ್ತೆ

ಆಮ್ಸ್ಟರ್‌ಡ್ಯಾಮ್ ಪಕ್ಕದ ಆಮ್ಸ್ಟೆಲ್‌ವೀನ್‌ನಲ್ಲಿ ಮನೆ ಮಾಡಿದ ಮೇಲೆ ನನಗೆ ಒಂದು ಸಂಬಳವಿಲ್ಲದ ಡ್ಯೂಟಿ ಅಂಟಿಕೊಂಡಿದೆ. ಊರಿನಿಂದ ನೆಂಟರು ಬಂದರೆ ಮೊದಲ ದಿನ ನಿದ್ದೆ, ಎರಡನೇ ದಿನ ಕಾಲುವೆಯಲ್ಲಿ ದೋಣಿ, ಮೂರನೇ ದಿನ ಹಳ್ಳಿ. ಹಳ್ಳಿ ಅಂದರೆ ಝಾನ್ಸೆ ಸ್ಖಾನ್ಸ್. ಹಸಿರು ಬಣ್ಣದ ಮರದ ಮನೆಗಳು, ನದಿ ದಂಡೆಗೆ ಸಾಲಾಗಿ ವಿಂಡ್‌ಮಿಲ್, ಮೇಯುವ ಮೇಕೆ. ನಾನು ಎಷ್ಟು ಸಲ ಹೋಗಿದ್ದೇನೆ ಅಂದರೆ ಅಲ್ಲಿನ ಮೇಕೆಗೆ ನನ್ನ ಗುರುತಿದೆ.

ಈ ಸಲ ಬಂದವರು ಮಂಡ್ಯದ ಸೋದರಮಾವ. ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ರಿಟೈರ್ ಆದವರು. 'ನಾನು ಹುಟ್ಟಿದ್ದೇ ಹಳ್ಳೀಲಿ, ಇಲ್ಲಿ ಬಂದು ದುಡ್ಡು ಕೊಟ್ಟು ಹಳ್ಳಿ ನೋಡಾದಾ?' ಎಂದು ಒಮ್ಮೆ ಗೊಣಗಿದರು. ಅತ್ತೆ ಫೋನಿನಲ್ಲಿ 'ಎಲ್ಲಾರೂ ನೋಡವ್ರೆ, ನೀವೂ ನೋಡ್ಕೊಂಡು ಬನ್ನಿ, ಫೋಟೋ ಹಾಕಿ' ಎಂದ ಮೇಲೆ ಸುಮ್ಮನಾದರು.

ಬಸ್ಸಿನ ಪ್ಯಾಕೇಜು. ಅರ್ಧ ದಿನದಲ್ಲಿ ಮೂರು ಹಳ್ಳಿ. ನಮ್ಮ ಕಡೆ ಅರ್ಧ ದಿನದಲ್ಲಿ ಒಂದು ಹಳ್ಳಿಯ ಪಂಚಾಯ್ತಿ ಆಫೀಸಿನಿಂದ ಒಂದು ಸಹಿ ತರುವುದೂ ಕಷ್ಟ. ಇಲ್ಲಿ ಗೈಡಮ್ಮ ಛತ್ರಿ ಎತ್ತಿ ಹಿಡಿದು ಮೂರು ಊರು ಮುಗಿಸಿಬಿಡುತ್ತಾರೆ.

ಮೊದಲು ವೊಲೆಂಡಮ್. ಮೀನುಗಾರರ ಹಳ್ಳಿ ಎಂದರು. ಸಮುದ್ರಕ್ಕೆ ಅಡ್ಡ ಅಣೆಕಟ್ಟು ಹಾಕಿದ್ದು 1932ರಲ್ಲಿ. ಅಂದಿನಿಂದ ಊರ ಮುಂದಿನ ಉಪ್ಪು ನೀರು ಸಿಹಿ ನೀರಿನ ಕೆರೆಯಾಯಿತು, ಹಳೆಯ ಮೀನುಗಾರಿಕೆ ಸೊರಗಿತು. ಈಗ ಬಲೆಗೆ ಬೀಳುವುದು ನಾವು. ಸ್ಟುಡಿಯೋದಲ್ಲಿ ಬಂದವರಿಗೆಲ್ಲ ಹಳೆಯ ಕಾಲದ ಉಡುಪು, ಚೂಪು ಟೋಪಿ ಹಾಕಿಸಿ ಫೋಟೋ ತೆಗೆಯುತ್ತಾರೆ. ತೆಗೆಯುವ ಊರಿನವರು ಮಾತ್ರ ಜೀನ್ಸ್‌ನಲ್ಲಿದ್ದರು. ಮಾವ ಆ ಟೋಪಿ ಹಾಕಿಕೊಳ್ಳಲು ಒಪ್ಪಲಿಲ್ಲ.

ಆಮೇಲೆ ಮಾರ್ಕೆನ್. 1957ರ ತನಕ ಅದು ದ್ವೀಪ. ರಸ್ತೆ ಬಂತು, ಹಿಂದೆಯೇ ಬಸ್ಸು ಬಂತು, ಬಸ್ಸಿನ ಹಿಂದೆ ಮರದ ಚಪ್ಪಲಿಯ ಅಂಗಡಿ ಬಂತು. ಆ ಚಪ್ಪಲಿಯನ್ನು ನಮ್ಮ ಕಣ್ಣೆದುರೇ ಮಾಡಿ ತೋರಿಸುತ್ತಾರೆ. ಅಜ್ಜನ ಕಾಲದ ಕೈಕೆಲಸ ಎಂದು ನಾವೆಲ್ಲ ಬಾಯಿ ಬಿಟ್ಟು ನಿಂತಿದ್ದೆವು. ಮಾವ ಬಗ್ಗಿ ನೋಡಿ, 'ಇದು ಬೀಗದ ಕೈ ನಕಲು ಮಾಡೋ ಮಿಷನ್ನು ಕಣ್ಲಾ, ಸೈಜು ದೊಡ್ಡದು ಅಷ್ಟೆ' ಎಂದರು. ನಿಜ. ಒಂದು ಕಡೆ ಮಾದರಿ ಚಪ್ಪಲಿ, ಇನ್ನೊಂದು ಕಡೆ ಮರದ ತುಂಡು.

ದಾರಿಯಲ್ಲಿ ಒಂದು ಘಟನೆ ನಡೆಯಿತು. ಕಿಟಕಿಯಾಚೆ ಕಣ್ಣು ಹಾಯುವಷ್ಟು ದೂರ ಹುಲ್ಲು, ನಡುವೆ ನೀರಿನ ಕಾಲುವೆ, ಕಪ್ಪು ಬಿಳುಪು ಹಸುಗಳು. ಮಾವ ಸೀಟಿನಿಂದ ಎದ್ದೇಬಿಟ್ಟರು.

'ನಮ್ ಡೈರಿ ಹಸ ಕಣ್ಲಾ! ಇಲ್ಲಿಗೂ ತಂದವ್ರಾ?'

'ಮಾವ, ಎಚ್‌ಎಫ್ ಹಸು ಅಂತೀರಲ್ಲ, ಹಾಲ್‌ಸ್ಟೈನ್ ಫ್ರೀಸಿಯನ್, ಅದರಲ್ಲಿ ಎಫ್ ಬಂದದ್ದು ಫ್ರೀಸ್‌ಲ್ಯಾಂಡ್‌ನಿಂದ. ಇದೇ ದೇಶದ ಒಂದು ಸೀಮೆ.'

ಮಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ. 'ಹಂಗಾರೆ ಇದು ಅದರ ತವರುಮನೆ ಅನ್ನು. ಬಸ್ಸು ನಿಲ್ಸಕ್ಕೆ ಹೇಳು, ಹತ್ತಿರದಿಂದ ನೋಡಾವ.' ಗೈಡಮ್ಮನನ್ನು ಕೇಳಿದೆ. ಹಸು ನಮ್ಮ ಶೆಡ್ಯೂಲ್‌ನಲ್ಲಿ ಇಲ್ಲ ಎಂದರು. ಚೀಸ್ ಅಂಗಡಿ ಇತ್ತು.

ಕೊನೆಗೆ ಝಾನ್ಸೆ ಸ್ಖಾನ್ಸ್. ಬಸ್ಸಿನವರೆಲ್ಲ ಸೆಲ್ಫಿ ತೆಗೆದು, 'ಆಹಾ, ಎಂಥ ಪ್ರಶಾಂತ ಹಳ್ಳಿ' ಎಂದು ಉಸಿರು ಬಿಟ್ಟರು. ಮಾವ ಟಿಕೆಟ್ ಕೊಂಡು ಒಂದು ವಿಂಡ್‌ಮಿಲ್‌ನ ಒಳಗೆ ನುಗ್ಗಿದರು. ಎಣ್ಣೆ ತೆಗೆಯುವ ಮಿಲ್ಲು. ಮರದ ಹಲ್ಲುಚಕ್ರಗಳು ಒಂದಕ್ಕೊಂದು ಕಚ್ಚಿಕೊಂಡು ತಿರುಗುತ್ತಿವೆ. ಜೋಡಿ ಗುಂಡುಕಲ್ಲು ಅಗಸೆ ಬೀಜ ಅರೆಯುತ್ತದೆ. ಭಾರದ ಮರದ ದಿಮ್ಮಿ ಧಡಾರ್ ಧಡಾರ್ ಅಂತ ಬಡಿಯುತ್ತದೆ. ಹೊರಗೆ ಬಂದವರ ಮುಖದಲ್ಲಿ ಬೆಳಗಿನಿಂದ ಕಾಣದ ಕಳೆ.

'ಲೋ, ಇದು ಗಾಣ ಕಣ್ಲಾ. ಎತ್ತಿನ ಬದಲು ಗಾಳಿ ಕಟ್ಟವ್ರೆ. ಹಳ್ಳಿ ಅಂತ ಯಾವನ್ಲಾ ಅಂದಿದ್ದು? ಇದು ಫ್ಯಾಕ್ಟ್ರಿ!'

ಹನ್ನೊಂದು ಸಲ ಹೋಗಿದ್ದ ನನಗೆ ಹೊಳೆಯದ್ದು ಫಿಟ್ಟರ್‌ಗೆ ಹತ್ತು ನಿಮಿಷದಲ್ಲಿ ಹೊಳೆಯಿತು. ಝಾನ್ ನದಿಯ ದಂಡೆ ಯುರೋಪಿನ ಬಹಳ ಹಳೆಯ ಕೈಗಾರಿಕಾ ಪ್ರದೇಶಗಳಲ್ಲಿ ಒಂದು. 1590ರ ದಶಕದಲ್ಲಿ ಕಾರ್ನೆಲಿಸ್ ಕಾರ್ನೆಲಿಸ್ಜೂನ್ ಎಂಬಾತ ಗಾಳಿಯಿಂದ ಮರ ಕೊಯ್ಯುವ ಯಂತ್ರ ಮಾಡಿದ. ಅಲ್ಲಿಂದ ಶುರು. ಒಂದು ಕಾಲಕ್ಕೆ ಇಲ್ಲಿ 600ರಷ್ಟು ವಿಂಡ್‌ಮಿಲ್ ತಿರುಗುತ್ತಿದ್ದವು. ಹಡಗಿಗೆ ಮರ ಕೊಯ್ಯುವುದು, ಎಣ್ಣೆ ಹಿಂಡುವುದು, ಬಣ್ಣ ಅರೆಯುವುದು, ಕಾಗದ ಮಾಡುವುದು. ಗದ್ದಲ, ಧೂಳು, ವಾಸನೆ. ಅಂದರೆ ಆ ಕಾಲದ ಪೀಣ್ಯ. ಇವತ್ತಿಗೂ ಸ್ಟೇಷನ್ ಇಳಿದರೆ ಕೋಕೋ ಫ್ಯಾಕ್ಟರಿಯ ಘಮ ಮೂಗಿಗೆ ಹೊಡೆಯುತ್ತದೆ. ಅದನ್ನೂ ಜನ ಹಳ್ಳಿಯ ಗಾಳಿ ಎಂದು ಎದೆ ತುಂಬ ಎಳೆದುಕೊಳ್ಳುತ್ತಾರೆ.

ಈ ಊರು ಇಲ್ಲಿ ಹೀಗೇ ಇದ್ದದ್ದೂ ಅಲ್ಲ. ಸುತ್ತಮುತ್ತ ಕೆಡವಲು ಹೊರಟಿದ್ದ ಹಳೆಯ ಮನೆ, ಮಿಲ್ಲುಗಳನ್ನು 1961ರಿಂದ ಮುಂದೆ ಟ್ರೈಲರ್ ಮೇಲೆ ಹೇರಿಕೊಂಡು ಬಂದು ಸಾಲಾಗಿ ಕೂರಿಸಿದರು. ಉಳಿಸಿದ್ದು ಒಳ್ಳೆಯದೇ, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಕೈಗಾರಿಕಾ ಎಸ್ಟೇಟನ್ನು ತೋರಿಸಿ ಪ್ರಶಾಂತ ಹಳ್ಳಿ ಎನ್ನುವ ಬಸ್ಸಿನವರ ಧೈರ್ಯ ದೊಡ್ಡದು.

ಹಾಗಾದರೆ ನಮ್ಮ ಪೀಣ್ಯಕ್ಕೂ ಭವಿಷ್ಯ ಇದೆ ಅನ್ನಿಸಿತು. 2350ನೇ ಇಸವಿ. ಆಮ್ಸ್ಟರ್‌ಡ್ಯಾಮಿನ ಪ್ರವಾಸಿಗಳು ಬಸ್ಸಿಳಿದು 'ಆಹಾ, ಪೀಣ್ಯ ಎರಡನೇ ಹಂತ, ಎಂಥ ನೆಮ್ಮದಿ' ಎಂದು ಕಣ್ಣು ಮುಚ್ಚುತ್ತಾರೆ. ಶೆಡ್ಡಿನಲ್ಲಿ ಒಬ್ಬ ಲೇತ್ ಮಿಷನ್ ಓಡಿಸಿ ಒಂದು ಬೋಲ್ಟು ಮಾಡಿ ತೋರಿಸುತ್ತಾನೆ, ಚಪ್ಪಾಳೆ ಬೀಳುತ್ತದೆ. ಸ್ಟುಡಿಯೋದಲ್ಲಿ ಸಾಂಪ್ರದಾಯಿಕ ಉಡುಪು: ನೀಲಿ ಯೂನಿಫಾರ್ಮು, ಕುತ್ತಿಗೆಗೆ ಐಡಿ ಕಾರ್ಡು. ಗಂಟೆಗೊಮ್ಮೆ ಶಿಫ್ಟ್ ಸೈರನ್. ಗೂಡಂಗಡಿಯಲ್ಲಿ ಬೈಟು ಟೀ, ತಲಾ 17.50 ಯುರೋ.

ಆ 17.50 ನನ್ನ ಕಲ್ಪನೆಯಲ್ಲ. 2024ರಲ್ಲಿ ಝಾನ್ಸೆ ಸ್ಖಾನ್ಸ್‌ಗೆ ಬಂದವರು 26 ಲಕ್ಷ. ಅಲ್ಲಿ ವಾಸ ಇರುವವರು ಸುಮಾರು 100 ಜನ. ಹೌದು, ಆ ಮನೆಗಳಲ್ಲಿ ಜನ ನಿಜಕ್ಕೂ ಇದ್ದಾರೆ, ಅನ್ನ ಬೇಯಿಸುತ್ತಾರೆ, ಬಟ್ಟೆ ಒಗೆಯುತ್ತಾರೆ. ಬಂದವರು ಕಿಟಕಿಗೆ ಮೂಗು ಒತ್ತಿ ನೋಡುತ್ತಾರೆ, ಹಿತ್ತಲಲ್ಲಿ ಮೂತ್ರ ಮಾಡುತ್ತಾರೆ ಎಂಬ ದೂರು ಜಾಸ್ತಿಯಾಗಿ, 2026ರಿಂದ ತಲೆಗೆ 17.50 ಯುರೋ ಪ್ರವೇಶ ಶುಲ್ಕ ಎಂದು ನಗರಸಭೆ ಯೋಜನೆ ಹಾಕಿತು. ನಮ್ಮ ಲೆಕ್ಕದಲ್ಲಿ 1,700 ರೂಪಾಯಿಗೂ ಮೇಲೆ. ಸ್ಖಾನ್ಸ್ ಎಂದರೆ ಕೋಟೆಯ ದಿಬ್ಬ, ಸ್ಪೇನ್ ಸೈನ್ಯವನ್ನು ತಡೆಯಲು ಕಟ್ಟಿದ್ದಂತೆ. ಸೆಲ್ಫಿ ಕೋಲು ಹಿಡಿದ ಸೈನ್ಯಕ್ಕೆ ದಿಬ್ಬ ಸಾಲದು, ಟಿಕೆಟ್ ಕೌಂಟರೇ ಬೇಕು.

ಇಲ್ಲೇ ಪಕ್ಕದ ಝಾನ್‌ಡಮ್‌ಗೆ 1697ರಲ್ಲಿ ರಷ್ಯಾದ ದೊರೆ ಪೀಟರ್ ಬಂದಿದ್ದ. ಹಡಗು ಕಟ್ಟುವ ಕೆಲಸ ಕಲಿಯಲು, ವೇಷ ಮರೆಸಿಕೊಂಡು. ಊರಿನವರಿಗೆ ಗುಟ್ಟು ಗೊತ್ತಾಗಿ, ಅವನನ್ನು ನೋಡಲು ಎಷ್ಟು ಜನ ಮುತ್ತಿಕೊಂಡರೆಂದರೆ ವಾರದಷ್ಟರಲ್ಲಿ ಅವನು ಆಮ್ಸ್ಟರ್‌ಡ್ಯಾಮ್‌ಗೆ ಹೊರಟುಹೋದ. ಆಗ ಬಂದವನನ್ನು ಊರು ನೋಡಿತು. ಈಗ ಅದರ ಬಡ್ಡಿ ತೀರುತ್ತಿದೆ ಅನ್ನಿ.

ರಾತ್ರಿ ಅತ್ತೆ ವಿಡಿಯೋ ಕಾಲ್ ಮಾಡಿದರು. ಮಾವ ಕಳಿಸಿದ್ದ ನಲವತ್ತು ಫೋಟೋದಲ್ಲಿ ಮೂವತ್ತೆಂಟು ಹಲ್ಲುಚಕ್ರದ್ದು. ಉಳಿದ ಎರಡು ಮಸುಕು, ಬಸ್ಸಿನ ಗಾಜಿನ ಆಚೆ ಏನೋ ಕಪ್ಪು ಬಿಳುಪು.

'ಇದೇನ್ರೀ, ಬರೀ ಮಿಷನ್ನು? ಹಳ್ಳಿ ಎಲ್ಲಿ?'

'ಹಳ್ಳಿ ದಾರೀಲಿ ಸಿಕ್ತು ಕಣೆ. ಬಸ್ ನಿಲ್ಲಿಸ್ಲಿಲ್ಲ.'