ಹ್ಯಾಂಗ್ ಆಯ್ತು ಅಂತ ಹೊಸ ಲ್ಯಾಪ್‌ಟಾಪ್ ತಗೋಬೇಡಿ

ನಮ್ಮ ದಾವಣಗೆರೆಯಲ್ಲಿ ಈಗ ಮನೆಯ ಕೋಣೆಯಲ್ಲೇ ಹಾಡು ರೆಕಾರ್ಡ್ ಮಾಡುವ ಹುಡುಗರು ಬಹಳ ಇದ್ದಾರೆ. ನಿಟುವಳ್ಳಿಯಲ್ಲಿ ಇದ್ದಾರೆ, ವಿನೋಬನಗರದಲ್ಲಿ ಇದ್ದಾರೆ, ಅತ್ತ ಹರಿಹರ, ಇತ್ತ ಚಿತ್ರದುರ್ಗದಲ್ಲೂ ಇದ್ದಾರೆ. ಭಜನೆ ಪದ, ಜಾನಪದ, ದುಗ್ಗಮ್ಮನ ಜಾತ್ರೆಯ ಹಾಡು, ಗಣಪತಿ ಹಬ್ಬದ ಟ್ರ್ಯಾಕ್, ಕಿರುಚಿತ್ರದ ಸಂಗೀತ, ಎಲ್ಲವೂ ಇಲ್ಲೇ ಆಗುತ್ತಿದೆ. ಮುಂಚೆ ಇದಕ್ಕೆಲ್ಲ ಬೆಂಗಳೂರಿನ ಬಸ್ಸು ಹತ್ತಬೇಕಿತ್ತು. ಇದನ್ನು ನೋಡಿದರೆ ನನಗೆ ಬಹಳ ಖುಷಿ. ಹಾಗಾಗಿಯೇ ಒಂದು ವಿಷಯಕ್ಕೆ ಹೊಟ್ಟೆ ಉರಿಯುತ್ತದೆ. ಮಿಕ್ಸಿಂಗ್ (ರೆಕಾರ್ಡ್ ಆದ ದನಿಗಳನ್ನು ಹದವಾಗಿ ಸೇರಿಸುವ ಕೆಲಸ) ಮಾಡುವಾಗ ಸಾಫ್ಟ್‌ವೇರ್ ನಾಲ್ಕು ಸಲ ಹ್ಯಾಂಗ್ ಆದರೆ ಸಾಕು, ಸುತ್ತಲಿನವರೆಲ್ಲ ಹೇಳುವುದು ಒಂದೇ ಮಾತು: "ಸಿಸ್ಟಂ ಹಳೇದಾಯ್ತು, ಹೊಸದು ತಗೋ."

ಈ ಮಾತು ಕೇಳಿ ಸಾಲ ಮಾಡಿ ಲ್ಯಾಪ್‌ಟಾಪ್ ತಂದವರನ್ನು ನಾನು ಬಲ್ಲೆ. ಹಳೆಯದರಲ್ಲಿದ್ದ ಅದೇ ಪ್ಲಗಿನ್‌ಗಳನ್ನು (ದನಿ ತಿದ್ದಲು ರೆಕಾರ್ಡಿಂಗ್ ಸಾಫ್ಟ್‌ವೇರಿಗೆ ಸೇರಿಸಿಕೊಳ್ಳುವ ಸಣ್ಣ ಪ್ರೋಗ್ರಾಂಗಳು) ಹೊಸದಕ್ಕೂ ಹಾಕಿಕೊಂಡರು. ಅದೂ ಹ್ಯಾಂಗ್ ಆಯಿತು. ಹ್ಯಾಂಗ್ ಆಗುವುದಕ್ಕೆ ಒಂದು ಕಾರಣ ಇದ್ದೇ ಇರುತ್ತದೆ, ಹುಡುಕಿದರೆ ಸಿಗುತ್ತದೆ, ಬಹಳಷ್ಟು ಸಲ ಅದನ್ನು ಸರಿಮಾಡಲು ಕಾಸು ಖರ್ಚಿಲ್ಲ. ನನ್ನ ವಾದ ಇಷ್ಟೇ.

ಹೋದ ಬೇಸಿಗೆಯಲ್ಲಿ ಹರಿಹರದ ಕಡೆಯ ಒಬ್ಬ ಹುಡುಗ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದ. ಅವರೂರಿನ ಭಜನಾ ಮಂಡಳಿಯ ಹಿರಿಯರು ಹಾಡಿದ ತತ್ವಪದಗಳನ್ನು ರೆಕಾರ್ಡ್ ಮಾಡಿದ್ದ. ಪ್ರಾಜೆಕ್ಟ್ ಓಪನ್ ಮಾಡಿದರೆ ಮುಕ್ಕಾಲು ಭಾಗ ಲೋಡ್ ಆಗಿ ನಿಂತುಬಿಡುತ್ತಿತ್ತು. ಪರದೆ ಬೆಳ್ಳಗಾಗಿ, ಮೇಲೆ 'ನಾಟ್ ರೆಸ್ಪಾಂಡಿಂಗ್' ಅಂತ ಬರುತ್ತಿತ್ತು. "ಅಣ್ಣಾ, ಅಂಗಡಿಯವ್ರು ಬೋರ್ಡ್ ಹೋಗೈತಿ ಅಂದ್ರು. ಅಜ್ಜನೋರ ದನಿ ಎಲ್ಲಾ ಇದ್ರಾಗೇ ಐತಿ" ಅಂದ. ಮುಖ ಸಣ್ಣಗಾಗಿತ್ತು.

ಇಲ್ಲಿ ಎಲ್ಲರೂ ತಿಳಿದಿರಬೇಕಾದ ಮಾತೊಂದಿದೆ. ರೆಕಾರ್ಡ್ ಆದ ದನಿ ಸಾಮಾನ್ಯವಾಗಿ ಪ್ರಾಜೆಕ್ಟ್ ಫೈಲಿನ ಒಳಗೆ ಇರುವುದಿಲ್ಲ. ಬಹುತೇಕ ಸಾಫ್ಟ್‌ವೇರ್‌ಗಳಲ್ಲಿ ಅದು ಪಕ್ಕದ ಫೋಲ್ಡರಿನಲ್ಲಿ ವೇವ್ ಫೈಲ್ ಆಗಿ ಬೇರೆಯೇ ಕೂತಿರುತ್ತದೆ. ಯಾವ ಟ್ರ್ಯಾಕ್ ಎಲ್ಲಿ, ಯಾವ ಪ್ಲಗಿನ್, ವಾಲ್ಯೂಮ್ ಎಷ್ಟು ಅನ್ನುವ ಲೆಕ್ಕ ಮಾತ್ರ ಪ್ರಾಜೆಕ್ಟ್ ಫೈಲಿನಲ್ಲಿ. ಹಾಗಾಗಿ ಏನೇ ರಿಪೇರಿಗೆ ಕೈಹಾಕುವ ಮೊದಲು ಆ ಇಡೀ ಫೋಲ್ಡರನ್ನು ಬೇರೆ ಡಿಸ್ಕಿಗೆ ಕಾಪಿ ಮಾಡಿ. ನಾವೂ ಅದನ್ನೇ ಮಾಡಿದೆವು. ಒಂದು ವೇವ್ ಫೈಲನ್ನು ಸುಮ್ನೆ ಮೀಡಿಯಾ ಪ್ಲೇಯರಿನಲ್ಲಿ ಹಾಕಿದಾಗ ತಾಳ, ದಮ್ಮಡಿ, ಅಜ್ಜನ ದನಿ ಸ್ವಚ್ಛವಾಗಿ ಬಂತು. ಹುಡುಗನಿಗೆ ಜೀವ ಬಂದಂತಾಯಿತು.

ಅವನು ಬಳಸುತ್ತಿದ್ದದ್ದು ರೀಪರ್ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್. ಅದರಲ್ಲಿ ಪ್ರಾಜೆಕ್ಟ್ ಆರಿಸುವ ಕಿಟಕಿಯಲ್ಲೇ ಪ್ಲಗಿನ್‌ಗಳನ್ನೆಲ್ಲ ಆಫ್‌ಲೈನ್ ಇಟ್ಟು ತೆರೆಯುವ ಆಯ್ಕೆ ಇದೆ. ರಿಕವರಿ ಮೋಡ್ ಅಂತ ಅದರ ಹೆಸರು. ಟಿಕ್ ಹಾಕಿದೆವು. ಪ್ರಾಜೆಕ್ಟ್ ಸಲೀಸಾಗಿ ಓಪನ್ ಆಯಿತು! ಬೋರ್ಡ್ ಹೋಗಿದ್ದರೆ ಇದು ಸಾಧ್ಯವಿತ್ತೇ? ಕಳ್ಳ ಪ್ಲಗಿನ್‌ಗಳ ನಡುವೆಯೇ ಇದ್ದಾನೆ ಅಂತ ಖಚಿತವಾಯಿತು.

ಮನೆಯಲ್ಲಿ ಎಂಸಿಬಿ ಟ್ರಿಪ್ ಆದರೆ ಎಲೆಕ್ಟ್ರಿಷಿಯನ್ ಏನು ಮಾಡುತ್ತಾರೆ? ಎಲ್ಲ ಸ್ವಿಚ್ ಆಫ್ ಮಾಡಿ, ಆಮೇಲೆ ಒಂದೊಂದು ಕಡೆಯದನ್ನು ಆನ್ ಮಾಡುತ್ತಾ ಬರುತ್ತಾರೆ ಅಲ್ವಾ. ಇಲ್ಲೂ ಅದೇ ದಾರಿ, ಇನ್ನೂ ಸ್ವಲ್ಪ ಬೇಗ. ಅರ್ಧ ಪ್ಲಗಿನ್‌ಗಳನ್ನು ಆನ್ ಮಾಡಿ. ಹ್ಯಾಂಗ್ ಆಗದಿದ್ದರೆ ತಪ್ಪು ಇನ್ನರ್ಧದಲ್ಲಿದೆ. ಅದರಲ್ಲಿ ಮತ್ತೆ ಅರ್ಧ. ಹೀಗೆ ಹೋದರೆ 32 ಪ್ಲಗಿನ್ ಇದ್ದರೂ 5 ಸುತ್ತಿನಲ್ಲಿ ತಪ್ಪಿತಸ್ಥ ಕೈಗೆ ಸಿಗುತ್ತಾನೆ. ಒಂದೊಂದಾಗಿ ನೋಡುತ್ತಾ ಕೂತರೆ ರಾತ್ರಿ ಆಗುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಡ್ರೈವರ್ (ಜೋಡಿಸಿದ ಸಾಧನವನ್ನು ವಿಂಡೋಸ್ ನಡೆಸಲು ಬೇಕಾದ ಪ್ರೋಗ್ರಾಂ) ಅಪ್‌ಡೇಟ್ ಮಾಡಿ, ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ಲೆಕ್ಕ ಹಾಕುವ ದನಿಯ ತುಂಡು) ಬದಲಿಸಿ, ಪ್ಲಗಿನ್ ತೆಗೆದು, ಎಲ್ಲ ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತೇ ಆಗುವುದಿಲ್ಲ. ಮುಂದಿನ ಸಲ ಮತ್ತೆ ಮೊದಲಿನಿಂದ ಶುರು.

ನಮಗೆ ಸಿಕ್ಕಿದ್ದು ಹಾರ್ಮೋನಿಯಂ ಟ್ರ್ಯಾಕಿನ ಮೇಲಿದ್ದ ಗದ್ದಲ ತೆಗೆಯುವ ಒಂದು ಪ್ಲಗಿನ್. ಯಾರದೋ ಪೆನ್‌ಡ್ರೈವ್‌ನಿಂದ ಬಂದ ಕ್ರ್ಯಾಕ್, ಅಂದರೆ ಲೈಸೆನ್ಸ್ ಇಲ್ಲದ ಕಳ್ಳ ಪ್ರತಿ. ಅದನ್ನು ತೆಗೆದು, ರೀಪರ್ ಜೊತೆಗೇ ಬರುವ ರೀಎಫ್‌ಐಆರ್ ಅನ್ನುವ ಪ್ಲಗಿನ್‌ನಿಂದ ಫ್ಯಾನಿನ ಸದ್ದು ಕಡಿಮೆ ಮಾಡಿದೆವು. ಲ್ಯಾಪ್‌ಟಾಪ್ ಅದೇ, ಬೋರ್ಡೂ ಅದೇ.

ಈ ಕ್ರ್ಯಾಕ್ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಮಾತಾಡುತ್ತೇನೆ, ಬೇಜಾರಾಗಬೇಡಿ. ನಮ್ಮ ಕಡೆ ಪ್ಲಗಿನ್‌ಗಳು ಪೆನ್‌ಡ್ರೈವ್ ಮೂಲಕ ಕೈಯಿಂದ ಕೈಗೆ ಹೋಗುತ್ತವೆ. ಲೈಸೆನ್ಸ್ ಕೇಳುವ ಜಾಗವನ್ನು ಯಾರೋ ಒಡೆದಿರುತ್ತಾರೆ. ಜೊತೆಗೆ ಇನ್ನೇನು ಸೇರಿಸಿದ್ದಾರೆ ಅಂತ ಯಾರಿಗೂ ಗೊತ್ತಿಲ್ಲ. ಅಪ್‌ಡೇಟ್ ಬರುವುದಿಲ್ಲ. ಹ್ಯಾಂಗ್ ಆದರೆ ಯಾರನ್ನೂ ಕೇಳುವ ಹಾಗೂ ಇಲ್ಲ. ದುಡ್ಡಿಲ್ಲ ಅನ್ನುವುದು ನಿಜ, ನನಗೂ ಗೊತ್ತು. ಆದರೆ ರೀಪರನ್ನು 60 ದಿನ ಪೂರ್ತಿಯಾಗಿ ಬಳಸಿ ನೋಡಬಹುದು, ನಮ್ಮಂಥ ಸಣ್ಣವರಿಗೆ ಲೈಸೆನ್ಸ್ 60 ಡಾಲರ್. ಎಲ್‌ಎಂಎಂಎಸ್, ಆಡಾಸಿಟಿ ಅನ್ನುವ ಸಾಫ್ಟ್‌ವೇರ್‌ಗಳು ಪೂರ್ತಿ ಉಚಿತ. ಒಂದು ಹಾಡಿಗೆ ಬೇಕಾದ, ದನಿ ಹದ ಮಾಡುವ ಈಕ್ಯೂ, ಕಂಪ್ರೆಸರ್, ರಿವರ್ಬ್ ಎಲ್ಲ ಸಾಫ್ಟ್‌ವೇರ್ ಒಳಗೇ ಇರುತ್ತವೆ. ನೂರು ಪ್ಲಗಿನ್ ಇದ್ದ ಮಾತ್ರಕ್ಕೆ ಯಾರ ಹಾಡೂ ಚೆನ್ನಾಗಿ ಬಂದಿದ್ದನ್ನು ನಾನು ಕಂಡಿಲ್ಲ.

ರೀಪರ್ ಬಳಸದವರಿಗೂ ದಾರಿ ಇದೆ. ಕ್ಯೂಬೇಸ್ ಅನ್ನುವ ಇನ್ನೊಂದು ರೆಕಾರ್ಡಿಂಗ್ ಸಾಫ್ಟ್‌ವೇರ್ ಶುರುವಾಗುವಾಗ ಕಂಟ್ರೋಲ್, ಆಲ್ಟ್, ಶಿಫ್ಟ್ ಮೂರನ್ನೂ ಒತ್ತಿಹಿಡಿದರೆ ಸೇಫ್ ಮೋಡ್ ಬರುತ್ತದೆ. ಪ್ಲಗಿನ್ ಸ್ಕ್ಯಾನ್ ಆಗುವಾಗಲೇ ನಿಂತರೆ ಪರದೆಯ ಮೇಲೆ ಯಾವ ಹೆಸರು ಇದೆ ನೋಡಿಕೊಳ್ಳಿ. ಸಿ ಡ್ರೈವಿನ ಪ್ರೋಗ್ರಾಂ ಫೈಲ್ಸ್ ಒಳಗೆ ಕಾಮನ್ ಫೈಲ್ಸ್, ಅದರೊಳಗೆ ಪ್ಲಗಿನ್‌ಗಳು ಇರುವ ವಿಎಸ್‌ಟಿ3 ಫೋಲ್ಡರ್. ಅಲ್ಲಿಂದ ಆ ಒಂದು ಫೈಲನ್ನು ಡೆಸ್ಕ್‌ಟಾಪಿಗೆ ತಂದಿಟ್ಟು ಮತ್ತೆ ಶುರು ಮಾಡಿ. ಇನ್ನೊಂದು, ಆಲ್ಟ್-ಟ್ಯಾಬ್ ಒಮ್ಮೆ ಒತ್ತಿ ನೋಡಿ. ಎಷ್ಟೋ ಸಲ ಹ್ಯಾಂಗೇ ಆಗಿರುವುದಿಲ್ಲ, ಯಾವುದೋ ಪ್ಲಗಿನ್ನಿನ ಲೈಸೆನ್ಸ್ ಕಿಟಕಿ ಹಿಂದೆ ಬಂದು ಉತ್ತರಕ್ಕೆ ಕಾಯುತ್ತಿರುತ್ತದೆ.

ವಿಂಡೋಸ್ ಸ್ವತಃ ಡೈರಿ ಬರೆದಿಡುತ್ತದೆ, ಯಾರೂ ತೆರೆದು ನೋಡುವುದಿಲ್ಲ. ಇವೆಂಟ್ ವ್ಯೂವರ್ ಅಂತ ಹುಡುಕಿ, ಅದರಲ್ಲಿ ಅಪ್ಲಿಕೇಶನ್ ಲಾಗ್ ನೋಡಿ. 1002 ಅಂತ ಇದ್ದರೆ ಹ್ಯಾಂಗ್. 1000 ಇದ್ದರೆ ಕ್ರ್ಯಾಶ್, ಅಂದರೆ ಸಾಫ್ಟ್‌ವೇರ್ ತಾನೇ ಮುಚ್ಚಿಹೋಗಿದ್ದು. 1000ದಲ್ಲಿ 'ಫಾಲ್ಟಿಂಗ್ ಮಾಡ್ಯೂಲ್' ಅಂತ ಒಂದು ಸಾಲು ಇರುತ್ತದೆ. ಪ್ಲಗಿನ್ನಿನ ಹೆಸರು ಹಲವು ಸಲ ಅಲ್ಲೇ ಇರುತ್ತದೆ.

ಹ್ಯಾಂಗ್ ಬೇರೆ, ಹಾಡಿನ ನಡುವೆ ಚಟಪಟ ಅನ್ನುವ ಸದ್ದು ಬೇರೆ. ಎರಡನ್ನೂ ಒಂದೇ ಅಂತ ಹೇಳಬೇಡಿ, ಔಷಧಿ ತಪ್ಪುತ್ತದೆ. ಸೆಕೆಂಡಿಗೆ 48,000 ಸ್ಯಾಂಪಲ್ (ದನಿಯ ಅಳತೆ) ಲೆಕ್ಕದಲ್ಲಿ ಬಫರ್ 128 ಸ್ಯಾಂಪಲ್ ಇಟ್ಟರೆ ಕಂಪ್ಯೂಟರಿಗೆ ಸಿಗುವ ಸಮಯ 2.7 ಮಿಲಿಸೆಕೆಂಡ್ ಮಾತ್ರ. ಅಷ್ಟರಲ್ಲಿ ಎಲ್ಲ ಟ್ರ್ಯಾಕಿನ ಲೆಕ್ಕ ಮುಗಿಸಿ ಮುಂದಿನ ತುಂಡು ಕೊಡಬೇಕು. ತಡವಾದರೆ ಚಟಪಟ. 1024 ಇಟ್ಟರೆ 21 ಮಿಲಿಸೆಕೆಂಡ್ ಸಿಗುತ್ತದೆ. ಹಾಡುವಾಗ ಕಡಿಮೆ ಬಫರ್, ಮಿಕ್ಸ್ ಮಾಡುವಾಗ ಜಾಸ್ತಿ. ಟಾಸ್ಕ್ ಮ್ಯಾನೇಜರಿನಲ್ಲಿ ಸಿಪಿಯು 30% ತೋರಿಸುತ್ತಿದ್ದರೂ ಚಟಪಟ ಬರಬಹುದು. ಒಂದು ಟ್ರ್ಯಾಕಿನ ಪ್ಲಗಿನ್‌ಗಳು ಒಂದರ ಹಿಂದೆ ಒಂದು ನಡೆಯಬೇಕು, ಹಾಗಾಗಿ ಆ ಭಾರ ಸಾಮಾನ್ಯವಾಗಿ ಪ್ರೊಸೆಸರಿನ ಒಂದೇ ಕೋರ್ (ಲೆಕ್ಕ ಮಾಡುವ ಘಟಕ) ಮೇಲೆ ಬೀಳುತ್ತದೆ. ಉಳಿದ ಕೋರ್‌ಗಳು ಖಾಲಿ ಇದ್ದರೂ ಪ್ರಯೋಜನವಿಲ್ಲ. ಆ ಭಾರದ ಟ್ರ್ಯಾಕನ್ನು ಫ್ರೀಜ್ ಮಾಡಿ, ಅಂದರೆ ಪ್ಲಗಿನ್ ಸಮೇತ ಆಡಿಯೋ ಫೈಲ್ ಮಾಡಿಕೊಳ್ಳಿ, ಮುಗಿಯಿತು.

ಇನ್ನು ನಮ್ಮ ಊರಿನ ಬಿಸಿಲು. ಏಪ್ರಿಲ್ ಹೊತ್ತಿಗೆ ಕೆಲವು ದಿನ 38 ಡಿಗ್ರಿ ದಾಟುತ್ತದೆ. ರೆಕಾರ್ಡಿಂಗ್ ಅಂತ ಕಿಟಕಿ ಮುಚ್ಚುತ್ತೇವೆ, ಸದ್ದು ಬರುತ್ತದೆ ಅಂತ ಫ್ಯಾನ್ ಆಫ್ ಮಾಡುತ್ತೇವೆ, ಗೋಡೆಗೆ ಕಂಬಳಿ ಕಟ್ಟುತ್ತೇವೆ. ಲ್ಯಾಪ್‌ಟಾಪ್ ಹಾಸಿಗೆಯ ಮೇಲೆ. ಅದಕ್ಕೆ ಉಸಿರಾಡಲು ಜಾಗವೇ ಇಲ್ಲ. ಪ್ರೊಸೆಸರ್ 100 ಡಿಗ್ರಿ ಹತ್ತಿರ ಹೋದಾಗ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸಿಕೊಳ್ಳುತ್ತದೆ. ಬೆಳಗ್ಗೆ ಚೆನ್ನಾಗಿ ಓಡಿದ ಪ್ರಾಜೆಕ್ಟ್ ಮಧ್ಯಾಹ್ನ ಎರಡಕ್ಕೆ ಕುಂಟುವುದು ಇದಕ್ಕೇ. ಮಂಡಕ್ಕಿ ಭಟ್ಟಿಗಳ ಕಡೆ, ರೈಸ್ ಮಿಲ್ ಹತ್ತಿರ ಇರುವವರ ಲ್ಯಾಪ್‌ಟಾಪ್ ಬಿಚ್ಚಿದರೆ ಒಳಗಿನ ಫ್ಯಾನಿಗೆ ಬೂದಿ, ಹೊಟ್ಟಿನ ಧೂಳು ಮೆತ್ತಿಕೊಂಡಿರುತ್ತದೆ. ಗಾಳಿ ಹೊರಗೆ ಹೋಗುವ ಜಾಲರಿಯ ಮೇಲೆ ಹತ್ತಿಯ ಪದರದ ಹಾಗೆ ಕೂತಿರುತ್ತದೆ. ವರ್ಷಕ್ಕೊಮ್ಮೆ ಅದನ್ನು ಕ್ಲೀನ್ ಮಾಡಿಸಿ. ಗಟ್ಟಿ ಹಲಗೆಯ ಮೇಲೆ, ಹಿಂದೆ ಸ್ವಲ್ಪ ಎತ್ತರಿಸಿ ಇಡಿ. ಬೇಸಿಗೆಯಲ್ಲಿ ಹಾಡುವ ಕೆಲಸ ಬೆಳಗ್ಗೆ ಬೇಗ ಇಟ್ಟುಕೊಳ್ಳಿ, ಹಾಡುವವರಿಗೂ ಅದೇ ಹಿತ.

ಕರೆಂಟ್ ಹೋದಾಗ ಲ್ಯಾಪ್‌ಟಾಪ್ ಬ್ಯಾಟರಿಗೆ ಬಂದು ವೇಗ ಕಡಿಮೆ ಮಾಡಿಕೊಳ್ಳುತ್ತದೆ, ಅದನ್ನೂ ಗಮನಿಸಿ. ಪವರ್ ಆಪ್ಷನ್ಸ್‌ನಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಅಂತ ಇದೆ, ಆಫ್ ಮಾಡಿ. ಇಲ್ಲದಿದ್ದರೆ ಕರೆಂಟ್ ಉಳಿಸಲು ವಿಂಡೋಸ್ ನಿಮ್ಮ ಆಡಿಯೋ ಇಂಟರ್‌ಫೇಸನ್ನೇ (ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ) ಮಲಗಿಸಿಬಿಡಬಹುದು. ಇಂಟರ್‌ಫೇಸನ್ನು ಯುಎಸ್‌ಬಿ ಹಬ್‌ಗೆ ಚುಚ್ಚಬೇಡಿ, ನೇರವಾಗಿ ಲ್ಯಾಪ್‌ಟಾಪಿಗೆ ಚುಚ್ಚಿ. ದನಿ ತಡವಾಗದಂತೆ ಸಾಗಿಸಲು ಕಂಪನಿ ಕೊಟ್ಟ ಏಎಸ್‌ಐಒ ಡ್ರೈವರನ್ನೇ ಹಾಕಿ. ಏಎಸ್‌ಐಒ4ಆಲ್ ಅನ್ನುವುದು ವಿಂಡೋಸಿನ ಡ್ರೈವರ್ ಮೇಲೆ ಹೊದಿಸಿದ ಪದರ, ಇಂಟರ್‌ಫೇಸ್ ಇಲ್ಲದವರಿಗೆ ಅದು ಸರಿ. ವೈಫೈ ಡ್ರೈವರ್ ಕೂಡ ಆಡಿಯೋಗೆ ಅಡ್ಡ ಬರಬಹುದು. ಲೇಟೆನ್ಸಿಮಾನ್ ಅನ್ನುವ ಸಣ್ಣ ಪ್ರೋಗ್ರಾಂ ಓಡಿಸಿದರೆ ಯಾವ ಡ್ರೈವರ್ ತಡ ಮಾಡುತ್ತಿದೆ ಅಂತ ಹೆಸರು ಹಿಡಿದು ಹೇಳುತ್ತದೆ.

ಖರ್ಚು ಮಾಡಲೇಬೇಕು ಅಂದರೆ? ಇನ್ನೂ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ಎಸ್‌ಎಸ್‌ಡಿ ಹಾಕಿಸಿ. ದೊಡ್ಡ ತಬಲಾ, ಸ್ಟ್ರಿಂಗ್ಸ್ ಲೈಬ್ರರಿ (ವಾದ್ಯದ ದನಿಗಳ ಸಂಗ್ರಹ) ಬಳಸುವಾಗ ಟಾಸ್ಕ್ ಮ್ಯಾನೇಜರಿನಲ್ಲಿ ಮೆಮೊರಿ ಪೂರ್ತಿ ತುಂಬುತ್ತಿದ್ದರೆ ರ‍್ಯಾಮ್ ಹೆಚ್ಚಿಸಿ. ಇಡೀ ಲ್ಯಾಪ್‌ಟಾಪ್ ಬದಲಿಸುವುದು ಇವೆಲ್ಲ ನೋಡಿದ ಮೇಲಿನ ಮಾತು.

ನಾನು ಇಷ್ಟು ಹಠ ಹಿಡಿಯುವುದಕ್ಕೆ ಕಾರಣ ದುಡ್ಡೊಂದೇ ಅಲ್ಲ. ನಮ್ಮ ಕಡೆಯ ಸೋಬಾನೆ ಪದ, ತತ್ವಪದ, ಕಂಪನಿ ನಾಟಕದ ಹಾಡು ಇನ್ನೂ ಕೆಲವರ ಬಾಯಲ್ಲಿ ಮಾತ್ರ ಉಳಿದಿವೆ. ಅವರಿಗೆ ವಯಸ್ಸಾಗಿದೆ. ಅವರು ಮೈಕ್ ಮುಂದೆ ಕೂತು ಹಾಡುವಾಗ ಯಂತ್ರ ನಿಂತುಹೋಗಿ, "ಅಜ್ಜಿ, ಇನ್ನೊಂದ್ಸಲ ಹಾಡ್ರಿ" ಅಂದರೆ ಅದೇ ದನಿ, ಅದೇ ಮನಸ್ಸು ಮತ್ತೆ ಬರುವುದಿಲ್ಲ. ದಯವಿಟ್ಟು ಅವರು ಬರುವ ಹಿಂದಿನ ದಿನವೇ ಒಂದು ಗಂಟೆ ಸುಮ್ನೆ ರೆಕಾರ್ಡಿಂಗ್ ಓಡಿಸಿ ನೋಡಿ. ಹಾಡಿಸುವಾಗ ಪ್ಲಗಿನ್ ಒಂದೂ ಬೇಡ, ವೈಫೈ ಆಫ್ ಇರಲಿ, ಪಕ್ಕದಲ್ಲಿ ಮೊಬೈಲಿನಲ್ಲೂ ರೆಕಾರ್ಡಿಂಗ್ ನಡೆಯುತ್ತಿರಲಿ.

ದಾವಣಗೆರೆ, ಹರಿಹರ, ದುರ್ಗದ ಕಡೆಯವರು ಯಾರಾದರೂ ಇದರಲ್ಲಿ ಸಿಕ್ಕಿಕೊಂಡಿದ್ದರೆ ಕೆಳಗೆ ಬರೆಯಿರಿ, ನನಗೆ ತಿಳಿದಷ್ಟು ಹೇಳುತ್ತೇನೆ. "ಹ್ಯಾಂಗ್ ಆಗ್ತೈತಿ" ಅಂತ ಮಾತ್ರ ಬರೆಯಬೇಡಿ. ಯಾವ ಸಾಫ್ಟ್‌ವೇರ್, ಯಾವ ಇಂಟರ್‌ಫೇಸ್, ರ‍್ಯಾಮ್ ಎಷ್ಟು, ಓಪನ್ ಮಾಡುವಾಗ ನಿಲ್ಲುತ್ತದೋ ಪ್ಲೇ ಮಾಡುವಾಗ ನಿಲ್ಲುತ್ತದೋ, ಖಾಲಿ ಪ್ರಾಜೆಕ್ಟಿನಲ್ಲೂ ಹಾಗೇ ಆಗುತ್ತದೋ, ಇಷ್ಟು ಬರೆದರೆ ಅರ್ಧ ಕೆಲಸ ಹಗುರ.